ಲಕ್ಕಮ್ಮನ ಅಳತೆ ಮತ್ತು ನಮ್ಮ ಎಲೆ



ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು. ಸ್ಥಳೀಯ ಆಹಾರವನ್ನು ಕುರಿತ ಪುಸ್ತಕಗಳನ್ನು ಓದುತ್ತಿರುವ ನಮ್ಮ ಬಳಗದಲ್ಲಿ ಕಳೆದ ಸಲ ಈ ಪ್ರಸಂಗ ಚರ್ಚೆಗೆ ಬಂದಿತು. ಚರ್ಚೆ ಮುಗಿದ ಮೇಲೆ ಬಡಿಸಿದ್ದು ಮಾತ್ರ ಬಿಳಿ ಅನ್ನ, ಸಾರು! “ಒಂದಗುಳೂ ಬಿಡದೆ ಉಂಡೆವಲ್ಲ, ಹೆಚ್ಚಾದದ್ದೇನು?” ಎಂದು ಹಿರಿಯರೊಬ್ಬರು ಕೇಳಿದರು.

ಹೆಚ್ಚಾದದ್ದು ನೀರು ಎಂಬುದು ನನ್ನ ಅಭಿಪ್ರಾಯ.

ಈ ಶರಣ ದಂಪತಿಗಳ ಊರೆಂದು ಹೇಳುವ ಅಮರೇಶ್ವರವಿರುವುದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ. ಅದೇ ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಹರಿಯುತ್ತದೆ. ಹೆಚ್ಚು ಭೂಮಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳನ್ನು ಉಳಿಸುವುದು ಆ ಯೋಜನೆಯ ಮೂಲ ಉದ್ದೇಶವಾಗಿತ್ತು. ಆದರೆ ಗಂಗಾವತಿ, ಸಿಂಧನೂರುಗಳ ಕಡೆ ಭತ್ತ ಹಬ್ಬಿತು. ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಯಂಚಿನ ರೈತ ತನ್ನ ಪಾಲಿನ ನೀರಿಗಾಗಿ ಕಾಲುವೆಯ ದಂಡೆಯಲ್ಲಿ ಕಾಯುವಂತಾಯಿತು. ಆ ಪಾಲು ನಮ್ಮ ಎಲೆಯ ಅನ್ನದಲ್ಲಿ ಸೇರಿಹೋಗಿದೆ. ಲಕ್ಕಮ್ಮನವರಾದರೆ ಅದನ್ನೂ ಅಳೆಯುತ್ತಿದ್ದರು.

ಎರೆಭೂಮಿಯ ಹಿಂಗಾರಿ ಜೋಳವಾದರೋ ಮಳೆಗಾಲದ ಕೊನೆಯಲ್ಲಿ ಬಿತ್ತಿದರೆ ಮಣ್ಣು ಹಿಡಿದಿಟ್ಟ ತೇವದಲ್ಲಿಯೇ ಕಾಳು ಕಟ್ಟುತ್ತದೆ. ತೆನೆ ಮನುಷ್ಯರಿಗೆ, ಕಣಿಕೆ ದನಗಳಿಗೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ನಗರಗಳಲ್ಲಿ ನವಣೆ, ಸಾವೆಗಳ ಚೆಂದದ ಪೊಟ್ಟಣಗಳು ಬಂದವು. ಅವುಗಳ ಬೆಲೆ ಕೇಳಿ ಹಿಂದಿರುಗಿದವರೂ ಉಂಟು.

ಪಡಿತರದ ಅಕ್ಕಿ ಬಡವರ ಹಸಿವನ್ನು ನೀಗಿದೆ, ಅದನ್ನು ಹಳಿಯಬಾರದು. ಅನ್ನ ಮಾಡುವುದು ಸುಲಭವೂ ಹೌದು. ರೊಟ್ಟಿ ತಟ್ಟಿ ತಟ್ಟಿ ನೊಂದ ತಾಯಂದಿರ ಕೈಗಳ ವಿಷಯ ನಾವು ಓದಿದ ಪುಸ್ತಕಗಳಲ್ಲಿ ಎಲ್ಲಿಯೂ ಕಾಣಲಿಲ್ಲ. ಜೋಳದ ಗುಣಗಾನ ಮಾಡಿದವರಲ್ಲಿ ಹೆಚ್ಚಿನವರು ಗಂಡಸರೇ, ನಾನೂ ಅವರಲ್ಲೊಬ್ಬ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿಗಳು ಬಂಡಿಗಳಲ್ಲಿ ಬರುತ್ತವೆ. ಕಟಕ ರೊಟ್ಟಿ ಬಹುದಿನ ಕೆಡದು, ಶ್ರಮವೂ ಹಲವು ಮನೆಗಳಿಗೆ ಹಂಚಿಹೋಗುತ್ತದೆ. ನಮ್ಮ ಬಳಗದ ಮುಂದಿನ ಕೂಟಕ್ಕೆ ಪ್ರತಿ ಮನೆಯಿಂದ ಹತ್ತು ರೊಟ್ಟಿ ಬರಲಿ. ತಟ್ಟುವಾಗ ಮನೆಯ ಗಂಡಸರೂ ಕೊಣಮಿಗೆಯ ಮುಂದೆ ಕೂರಲಿ. ನನ್ನ ಹತ್ತು ರೊಟ್ಟಿಗಳು ದುಂಡಗಿರಲಾರವು, ಬಂಧುಗಳು ಮನ್ನಿಸಬೇಕು.