ಭರಣಿಯಿಂದ ಬಿಸಿಲಿಗೆ

ಕೀಟಾಹಾರಿ ಗಿಡಗಳನ್ನು ಸಾಕುವವರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಸುತ್ತಲಿನ ಗಾಳಿ ಸದಾ ತೇವವಾಗಿರಬೇಕು, ಇಲ್ಲದಿದ್ದರೆ ಗಿಡ ಉಳಿಯದು ಎಂಬುದು ಆ ನಂಬಿಕೆ. ಅಂಗಡಿಯವರು ಗಾಜಿನ ಭರಣಿಯಲ್ಲಿಟ್ಟು ಮಾರುತ್ತಾರೆ. ಕೊಂಡವರು ದಿನಕ್ಕೆ ಮೂರು ಸಲ ನೀರು ಸಿಂಪಡಿಸುತ್ತಾರೆ. ಪುಣೆಗೆ ವರ್ಗವಾಗಿ ಬಂದ ವರ್ಷ ನಾವೂ ಹಾಗೆಯೇ ಮಾಡಿದೆವು. ಮೊದಲ ವೀನಸ್ ಫ್ಲೈಟ್ರ್ಯಾಪ್ ಎರಡು ತಿಂಗಳಲ್ಲಿ ಕಪ್ಪಾಗಿ ಕೊಳೆಯಿತು. ಎರಡನೆಯದಕ್ಕೆ ಇನ್ನೂ ಹೆಚ್ಚಿನ ಉಪಚಾರ ನಡೆಯಿತು. ಅದು ಇನ್ನೂ ಬೇಗ ಸತ್ತಿತು. ಆ ಉಪಚಾರವೇ ಅವುಗಳ ಸಾವಿಗೆ ಕಾರಣವಾಯಿತೆಂದು ಒಪ್ಪಿಕೊಳ್ಳಲು ನಮಗೆ ಬಹಳ ಕಾಲ ಹಿಡಿಯಿತು.

ಈ ನಂಬಿಕೆಯ ಮೂಲವನ್ನು ಹುಡುಕಿದರೆ ವಿಕ್ಟೋರಿಯನ್ ಇಂಗ್ಲೆಂಡಿನ ಗಾಜಿನ ಮನೆಗಳು ಕಣ್ಣಿಗೆ ಬೀಳುತ್ತವೆ. ಬೋರ್ನಿಯೋದ ಕಾಡುಗಳಿಂದ ಹಡಗೇರಿ ಬಂದ ಹೂಜಿಗಿಡಗಳಿಗೆ ಆ ಚಳಿನಾಡಿನಲ್ಲಿ ಉಗಿ ತುಂಬಿದ ಬೆಚ್ಚನೆಯ ಕೋಣೆ ನಿಜಕ್ಕೂ ಬೇಕಾಗಿತ್ತು. ಸಾಹಿತ್ಯ ಓದಿದ ನಮ್ಮಂಥವರ ಮನಸ್ಸಿನಲ್ಲಿ ಆ ಚಿತ್ರವನ್ನು ಗಟ್ಟಿಗೊಳಿಸಿದವನು ಎಚ್. ಜಿ. ವೆಲ್ಸ್, 1894ರ ಅವನ ಕತೆಯೊಂದರಲ್ಲಿ ರಕ್ತ ಹೀರುವ ಆರ್ಕಿಡ್ ಬೆಳೆಯುವುದು ಇಂಥದೇ ಗಾಜಿನ ಮನೆಯಲ್ಲಿ. ಒಂದು ಜಾತಿಯ ಗಿಡಕ್ಕೆ ಸಲ್ಲುವ ನಿಯಮ ಕೀಟ ತಿನ್ನುವ ಎಲ್ಲ ಗಿಡಗಳಿಗೂ ಅಂಟಿಕೊಂಡಿತು.

ಕೀಟಾಹಾರಿ ಗಿಡಗಳ ಬಗ್ಗೆ ಡಾರ್ವಿನ್ 1875ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಡ್ರಾಸೊಫಿಲಮ್ ಎಂಬ ಗಿಡದ ಪ್ರಸ್ತಾಪವಿದೆ. ಪೋರ್ಚುಗಲ್ಲಿನ ಒಪೋರ್ಟೊ ನಗರದ ಬಳಿ, ಒಣ ಗುಡ್ಡಗಳ ಇಳಿಜಾರಿನಲ್ಲಿ ಅದು ಆಗ ಹುಲುಸಾಗಿ ಬೆಳೆಯುತ್ತಿತ್ತು. ಹಳ್ಳಿಗರು ಅದನ್ನು ತಂದು, ನೊಣ ಹಿಡಿಯಲೆಂದು ಮನೆಯೊಳಗೆ ತೂಗುಹಾಕುತ್ತಿದ್ದರು. ಒಣ ಗುಡ್ಡದ ಮೇಲೆ ಮೈತುಂಬ ಅಂಟುಹನಿ ಹೊತ್ತು ನಿಲ್ಲುವ ಈ ಗಿಡವೊಂದೇ ಸಾಕು, ಭರಣಿಯ ಶಾಸ್ತ್ರವನ್ನು ಸಂಶಯದಿಂದ ನೋಡಲು. ಅಷ್ಟು ದೂರ ಹೋಗುವುದೂ ಬೇಡ. ಸಾತಾರದ ಸಮೀಪದ ಕಾಸ್ ಪ್ರಸ್ಥಭೂಮಿಯಲ್ಲಿ ಸೆಪ್ಟೆಂಬರಿನಲ್ಲಿ ಬಗ್ಗಿ ನೋಡಿದರೆ ಡ್ರಾಸೆರಾ, ಯುಟ್ರಿಕ್ಯುಲೇರಿಯಾಗಳು ಮುರಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಕಾಣುತ್ತವೆ. ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿಯೂ ಇವುಗಳ ಬಂಧುಗಳಿವೆ. ಆ ದಿನಗಳಲ್ಲಿ ಅಲ್ಲಿನ ಗಾಳಿ ತೇವವಾಗಿರುತ್ತದೆಂಬುದು ನಿಜ. ಆದರೆ ಅಲ್ಲಿ ನೆರಳೆಂಬುದಿಲ್ಲ, ಗಾಳಿಗೆ ತಡೆಯಿಲ್ಲ. ಬೇರಿಗೆ ಸಿಗುವುದು ಮಳೆನೀರು, ಮಣ್ಣಿನಲ್ಲಿ ಸಾರವಿಲ್ಲ. ಸಾರವಿಲ್ಲವೆಂದೇ ತಾನೆ ಗಿಡ ಕೀಟವನ್ನು ಹಿಡಿಯುವುದು! (ನೋಡಿ ಬನ್ನಿ, ಕಿತ್ತು ತರಬೇಡಿ. ಕಿತ್ತದ್ದು ಮನೆಯಲ್ಲಿ ಬದುಕುವುದೂ ಇಲ್ಲ.)

ಭರಣಿಯೊಳಗೆ ಈ ಯಾವುದೂ ಇಲ್ಲ. ಬೆಳಕು ಸಾಲದೆ ಎಲೆ ಸೊರಗುತ್ತದೆ, ನಿಂತ ಗಾಳಿಯಲ್ಲಿ ಬೂಷ್ಟು ಹಿಡಿಯುತ್ತದೆ. ಬೆಳಕಿಗೆಂದು ಬಿಸಿಲಿಗಿಟ್ಟರೆ ಗಿಡ ಬೆಂದೇ ಹೋಗುತ್ತದೆ. ನಲ್ಲಿಯ ಗಡಸು ನೀರು ಇನ್ನೊಂದು ಶತ್ರು. ಅದರ ಲವಣಗಳು ಕುಂಡದಲ್ಲಿ ಸೇರುತ್ತ ಹೋಗಿ ಬೇರನ್ನು ಸುಡುತ್ತವೆ. ಟಿಡಿಎಸ್ ಮೀಟರು 50ಕ್ಕಿಂತ ಕಡಿಮೆ ತೋರಿಸುವ ನೀರೇ ಕ್ಷೇಮ. ಮಳೆನೀರು, ಡಿಸ್ಟಿಲ್ಡ್ ವಾಟರ್ ಎರಡೂ ಆಗುತ್ತವೆ. ಮನೆಯ ಆರ್‌ಓ ಯಂತ್ರವನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ರುಚಿಗೆಂದು ಅವುಗಳಲ್ಲಿ ಕೆಲವು ಲವಣವನ್ನು ಮತ್ತೆ ಬೆರೆಸುತ್ತವೆ. ಪೀಟ್ ಮಾಸ್ ಮತ್ತು ಪರ್ಲೈಟ್ ಬೆರೆಸಿದ ಕುಂಡವನ್ನು ಎರಡು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿಟ್ಟರೆ ಫ್ಲೈಟ್ರ್ಯಾಪ್, ಡ್ರಾಸೆರಾಗಳಿಗೆ ಬೇಕಾದ ತೇವ ಬೇರಿನಿಂದಲೇ ಸಿಗುತ್ತದೆ. ಗೊಬ್ಬರದ ಮಾತೇ ಬೇಡ.

ಹೊರಗಿಟ್ಟ ತಕ್ಷಣ ಗಿಡ ಬಾಡಿತೆಂದು ದೂರುವವರಿದ್ದಾರೆ. ಅವರ ಅನುಭವ ಸುಳ್ಳಲ್ಲ. ಅಂಗಡಿಗೆ ಬರುವ ಗಿಡಗಳಲ್ಲಿ ಬಹುಪಾಲು ಅಂಗಾಂಶ ಕೃಷಿಯಲ್ಲಿ, ಮುಚ್ಚಿದ ಸೀಸೆಗಳಲ್ಲಿ ಹುಟ್ಟಿದವು. ಅವುಗಳ ಎಲೆಗಳಿಗೆ ಒಣಗಾಳಿಯ ಪರಿಚಯವೇ ಇರುವುದಿಲ್ಲ. ಎರಡು ಮೂರು ವಾರ ಮುಚ್ಚಳವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ, ಬೆಳಗಿನ ಬಿಸಿಲಿಗೆ ಒಗ್ಗಿಸಬೇಕು. ಹಳೆಯ ಎಲೆಗಳು ಒಣಗಿದರೆ ಒಣಗಲಿ. ಹೊರಗಿನ ಗಾಳಿಯಲ್ಲೇ ಚಿಗುರಿದ ಎಲೆ ಗಟ್ಟಿಯಾಗಿ ಬರುತ್ತದೆ. ಆ ನಡುವಿನ ವಾರಗಳಲ್ಲಿಯೇ ಹೆಚ್ಚಿನವರು ಹೆದರಿ ಭರಣಿಯನ್ನು ಮತ್ತೆ ಕವುಚುವುದು.

ಹಾಗೆಂದು ಎಲ್ಲ ಗಿಡ ಎಲ್ಲ ಊರಿಗೂ ಒಗ್ಗುತ್ತದೆಂದು ನಾವು ಹೇಳುತ್ತಿಲ್ಲ. ದೆಹಲಿಯ ಮೇ ತಿಂಗಳ ಲೂ ಗಾಳಿಗೆ ಯಾವ ಕುಂಡವನ್ನೂ ಒಡ್ಡಬಾರದು. ಮಧ್ಯಾಹ್ನದ ನೆರಳು, ದೊಡ್ಡ ತಟ್ಟೆ ಬೇಕೇ ಬೇಕು. ತೀರ ಒಣಗಾಳಿಯಲ್ಲಿ ಹೂಜಿಗಿಡ ಬದುಕಿದರೂ ಹೂಜಿ ಬಿಡುವುದನ್ನು ನಿಲ್ಲಿಸಬಹುದು. ಅಮೆರಿಕದ ಕೆರೊಲಿನಾ ಕರಾವಳಿಯ ಬಯಲಿನಿಂದ ಬಂದ ಫ್ಲೈಟ್ರ್ಯಾಪ್‌ಗೆ ಚಳಿಗಾಲದ ಸುಪ್ತಾವಸ್ಥೆ ಬೇಕು. ಪುಣೆಯ ಡಿಸೆಂಬರ್, ಜನವರಿಯ ಚಳಿ ಅದಕ್ಕೆ ತಕ್ಕಮಟ್ಟಿಗೆ ಸಾಕು. ಮುಂಬಯಿ, ಚೆನ್ನೈಗಳಲ್ಲಿ ಅದು ಸಿಗದು. ಅಲ್ಲಿನ ಗೆಳೆಯರು ಫ್ಲೈಟ್ರ್ಯಾಪ್ ಕೊಳ್ಳದಿರುವುದೇ ಒಳ್ಳೆಯದು. ಆ ಊರುಗಳ ಸೆಕೆಯಲ್ಲಿ ಹೂಜಿಗಿಡ ತಾನಾಗಿಯೇ ಸುಖವಾಗಿರುತ್ತದೆ.

ನಮ್ಮ ಮೂರನೆಯ ಫ್ಲೈಟ್ರ್ಯಾಪ್ ಈಗ ಎರಡು ಚಳಿಗಾಲ ದಾಟಿ ಬಾಲ್ಕನಿಯ ಕಟಕಟೆಯ ಪಕ್ಕದಲ್ಲಿದೆ. ಏಪ್ರಿಲಿನ ಬಿಸಿಲಿಗೆ ಅದರ ಬಾಯಿಗಳ ಒಳಭಾಗ ಕೆಂಪಗಾಗಿದೆ. ಹಳೆಯ ಭರಣಿಯನ್ನು ತೊಳೆದು ಉಪ್ಪಿನಕಾಯಿ ತುಂಬಿಸಿದ್ದೇವೆ.