ನಿಂತರೆ ಕುದಿಯುವ ಕಾರು

ಮಕ್ಕಳೇ, ಹುಲ್ಲಹಳ್ಳಿಯಿಂದ ಒಂದು ಹಳೆಯ ಅಂಬಾಸಿಡರ್ ಕಾರು ಮದುವೆ ದಿಬ್ಬಣದವರನ್ನು ಕೂರಿಸಿಕೊಂಡು ನಂಜನಗೂಡಿಗೆ ಹೊರಟಿದೆ ಎಂದುಕೊಳ್ಳಿ. ದಾರಿಯುದ್ದಕ್ಕೂ ಏನೂ ತೊಂದರೆಯಿಲ್ಲ. ಎಂಜಿನ್ನಿನ ಉಷ್ಣತೆ ತೋರಿಸುವ ಮೀಟರಿನ ಮುಳ್ಳು ನಡುವಿನಲ್ಲೇ ಇದೆ. ಊರು ಹತ್ತಿರವಾದಾಗ ರೈಲ್ವೆ ಗೇಟು ಹಾಕಿದೆ. ಚಾಲಕರು ಗೇರು ಬಿಡಿಸಿ, ಎಂಜಿನ್ ಆರಿಸದೆ ಕಾದಿದ್ದಾರೆ. ಐದು ನಿಮಿಷಕ್ಕೆ ಮುಳ್ಳು ಮೇಲೇರತೊಡಗುತ್ತದೆ. ಹತ್ತು ನಿಮಿಷಕ್ಕೆ ಅಪಾಯದ ಗುರುತಿನ ಹತ್ತಿರ ಬರುತ್ತದೆ. ಅಷ್ಟರಲ್ಲಿ ಗೇಟು ತೆರೆಯಿತು, ಕಾರು ಹೊರಟಿತು, ಮುಳ್ಳು ತಾನಾಗಿಯೇ ಕೆಳಗಿಳಿಯಿತು!

ಇದು ವಿಚಿತ್ರವಲ್ಲವೇ? ಓಡುವಾಗ ಎಂಜಿನ್ ಹೆಚ್ಚು ಪೆಟ್ರೋಲ್ ಸುಡುತ್ತದೆ, ಆದ್ದರಿಂದ ಹೆಚ್ಚು ಉಷ್ಣ ಹುಟ್ಟುತ್ತದೆ. ಸುಮ್ಮನೆ ನಿಂತಾಗ ಸುಡುವ ಪೆಟ್ರೋಲೂ ಕಡಿಮೆ, ಉಷ್ಣವೂ ಕಡಿಮೆ. ಹಾಗಾದರೆ ತಣ್ಣಗಾಗಬೇಕಾದ ಹೊತ್ತಿನಲ್ಲಿ ಅದು ಕುದಿಯುವುದೇಕೆ?

ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಹಲವು ಕಡೆ ಸಿಗುವ ಉತ್ತರ ಮೂರು. ‘ರೇಡಿಯೇಟರ್ ಹೋಗಿದೆ, ಬೇರೆ ಹಾಕಿ.’ ‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ.’ ‘ಹಳೇ ಗಾಡಿ ಸ್ವಾಮಿ, ನಿಂತರೆ ಕಾಯೋದು ಸಹಜ.’ ಈ ಮೂರನ್ನೂ ನಾನು ಒಪ್ಪುವುದಿಲ್ಲ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ‘ಯಾವಾಗ ಕಾಯುತ್ತದೆ?’ ಎಂದು ಕೇಳಬೇಕು. ನಿಂತಾಗಲೋ, ಓಡುವಾಗಲೋ, ಎರಡೂ ಹೊತ್ತಿನಲ್ಲೋ? ಕೆಟ್ಟಿರುವುದು ಏನು ಎಂಬುದರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇದು ಬರೀ ವಾದದ ಮಾತಲ್ಲ. ಅಂಬಾಸಿಡರ್ ಕಾರುಗಳನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ 1950ರ ದಶಕದ ಕೊನೆಯಿಂದ ತಯಾರಿಸುತ್ತಿತ್ತು. 2014ರಲ್ಲಿ ಅದು ನಿಂತುಹೋಯಿತು. ಈಗ ಉಳಿದಿರುವ ಕಾರುಗಳಿಗೆ ಮೂಲ ಬಿಡಿಭಾಗಗಳನ್ನು ಹುಡುಕಬೇಕು. ತಾಮ್ರ, ಹಿತ್ತಾಳೆಯ ಒಳ್ಳೆಯ ರೇಡಿಯೇಟರನ್ನು ಬರೀ ಊಹೆಯ ಮೇಲೆ ಕಿತ್ತು ಗುಜರಿಗೆ ಹಾಕಿದರೆ ಅಂಥದ್ದು ಮತ್ತೆ ಸುಲಭಕ್ಕೆ ಸಿಗದು. ಕಾರನ್ನು ಮದುವೆಗಳಿಗೆ ಬಾಡಿಗೆಗೆ ಬಿಟ್ಟು ಬದುಕುವವರಿಗೆ ಹಣವೂ ಹೋಯಿತು, ಲಗ್ನಗಳ ಕಾಲದ ದುಡಿಮೆಯೂ ಹೋಯಿತು. ಹೊಸ ರೇಡಿಯೇಟರ್ ಹಾಕಿಸಿದ ಮೇಲೂ ಕಾರು ಗೇಟಿನ ಮುಂದೆ ಕುದಿದರೆ? ಕುದಿಯುತ್ತಲೇ ಓಡಿಸಿದರೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಸೊಟ್ಟಗಾಗಬಹುದು ಇಲ್ಲವೇ ಬಿರುಕು ಬಿಡಬಹುದು.

ಈಗ ಎಂಜಿನ್ ತಣ್ಣಗಾಗುವ ಬಗೆಯನ್ನು ನೋಡೋಣ. ಪೆಟ್ರೋಲ್ ಸುಟ್ಟಾಗ ಬರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಗಾಡಿ ಓಡಿಸಲು ಬರುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಹೋಗುತ್ತದೆ. ಉಳಿದದ್ದನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತುಕೊಂಡು ರೇಡಿಯೇಟರಿಗೆ ತರುತ್ತದೆ. ರೇಡಿಯೇಟರಿನಲ್ಲಿ ಸಣ್ಣ ಸಣ್ಣ ಕೊಳವೆಗಳೂ ಅವುಗಳ ನಡುವೆ ತೆಳು ತಗಡಿನ ಎಸಳುಗಳೂ ಇರುತ್ತವೆ. ನೀರಿನ ಉಷ್ಣ ವಹನದಿಂದ ತಗಡಿಗೆ ಬರುತ್ತದೆ, ತಗಡಿನಿಂದ ಗಾಳಿಗೆ ಹೋಗುತ್ತದೆ. ರೇಡಿಯೇಟರ್ ಎಂಬ ಹೆಸರು ನೋಡಿ ವಿಕಿರಣವೇ ಇಲ್ಲಿ ಮುಖ್ಯ ಎಂದುಕೊಳ್ಳಬೇಡಿ. ಹಾಗೆ ಹೋಗುವ ಉಷ್ಣ ಅಲ್ಪ. ಕೆಲಸವೆಲ್ಲ ಹರಿಯುವ ಗಾಳಿಯದೇ.

ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವಾಗ ಎದುರುಗಾಳಿ ಸೆಕೆಂಡಿಗೆ ಸುಮಾರು 11 ಮೀಟರ್ ವೇಗದಲ್ಲಿ ಮುಂಭಾಗಕ್ಕೆ ಬಂದು ಹೊಡೆಯುತ್ತದೆ. ಆಗ ಫ್ಯಾನು ಸೋಮಾರಿಯಾಗಿದ್ದರೂ ನಡೆದೀತು. ನಿಂತಾಗ ಆ ಗಾಳಿಯಿಲ್ಲ. ಗಾಳಿ ಎಳೆಯುವ ಹೊಣೆ ಪೂರ್ತಿ ಫ್ಯಾನಿನದು. ಹಳೆಯ ಅಂಬಾಸಿಡರಿನಲ್ಲಿ ಫ್ಯಾನನ್ನು ತಿರುಗಿಸುವುದು ಎಂಜಿನ್ನೇ, ಒಂದು ರಬ್ಬರ್ ಬೆಲ್ಟಿನ ಮೂಲಕ. ಅದೇ ಬೆಲ್ಟು ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ಪಂಪೂ ನಿಧಾನ. ಈಗಿನ ಕಾರುಗಳಲ್ಲಿ ಹೀಗಲ್ಲ. ಕಾರು ನಿಂತಾಗ ಒಳಗಿಂದ ಇದ್ದಕ್ಕಿದ್ದಂತೆ ‘ಗುಂಯ್’ ಎಂಬ ಸದ್ದು ಕೇಳಿರಬೇಕಲ್ಲ? ಅದು ವಿದ್ಯುತ್ ಫ್ಯಾನು. ನೀರು ಬಿಸಿಯಾದಾಗ ಅದು ತಾನೇ ಚಾಲೂ ಆಗುತ್ತದೆ, ಎಂಜಿನ್ನಿನ ವೇಗಕ್ಕೆ ಕಾಯುವುದಿಲ್ಲ.

ಅಂದಮೇಲೆ ‘ಹಳೇ ಗಾಡಿ, ನಿಂತರೆ ಕಾಯೋದು ಸಹಜ’ ಎನ್ನುವುದು ಸರಿಯೇ? ನಿಮ್ಮೂರಿನ ಟ್ರ್ಯಾಕ್ಟರನ್ನು ನೋಡಿ. ಒಕ್ಕಣೆ ಯಂತ್ರಕ್ಕೆ ಜೋಡಿಸಿದರೆ ಅದು ಕಣದಲ್ಲಿ ನಿಂತಲ್ಲೇ ಗಂಟೆಗಟ್ಟಲೆ ದುಡಿಯುತ್ತದೆ. ಅದಕ್ಕೆ ಎದುರುಗಾಳಿ ಎಲ್ಲಿಂದ ಬರಬೇಕು? ಎಲ್ಲ ಫ್ಯಾನಿನಿಂದಲೇ. ಆದರೂ ಕುದಿಯುವುದಿಲ್ಲ. ಅಂಬಾಸಿಡರನ್ನು ಮಾಡಿದವರೂ ಅದು ದಟ್ಟಣೆಯಲ್ಲಿ ನಿಲ್ಲುತ್ತದೆ ಎಂದು ತಿಳಿದೇ ಫ್ಯಾನು ಕೊಟ್ಟಿದ್ದಾರೆ. ನಂಜನಗೂಡಿನ ದೊಡ್ಡ ಜಾತ್ರೆಯ ಜನಸಂದಣಿಯಲ್ಲಿ ಬಿಸಿಲಿಗೆ ಸಿಕ್ಕಿಬಿದ್ದರೂ ಸುಸ್ಥಿತಿಯಲ್ಲಿರುವ ಎಂಜಿನ್ ತಡೆದುಕೊಳ್ಳಬೇಕು. ತಡೆಯದಿದ್ದರೆ ವಯಸ್ಸನ್ನು ದೂರಬಾರದು, ದೋಷವನ್ನು ಹುಡುಕಬೇಕು.

ಹುಡುಕುವುದು ಹೇಗೆ? ನನಗೆ ತುಂಬ ಇಷ್ಟವಾದ ಪರೀಕ್ಷೆಯೊಂದಿದೆ. ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಮುಳ್ಳು ಏರತೊಡಗಿದ ಕೂಡಲೇ ಮುಂಭಾಗದ ಜಾಲರಿಯ ಎದುರಿಗೆ ಭತ್ತ ತೂರಲು ಬಳಸುವ ದೊಡ್ಡ ಫ್ಯಾನು ಇಡುವುದು. ಬೇರೇನನ್ನೂ ಮುಟ್ಟಬಾರದು. ಮುಳ್ಳು ಇಳಿದರೆ ಕೊರತೆಯಿರುವುದು ಗಾಳಿಯದು. ಇಳಿಯದಿದ್ದರೆ ನೀರಿನ ಹರಿವಿನಲ್ಲೋ ಬೆಂಕಿ ಹೊತ್ತುವ ಹೊತ್ತಿನಲ್ಲೋ ತಪ್ಪಿದೆ ಎಂದು ಅನುಮಾನಿಸಬೇಕು. ಕೆಲವರು ಇದರ ಬದಲು ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ನೋಡುತ್ತಾರೆ. ಮುಳ್ಳು ಇಳಿದರೆ ಅದೂ ಸುಳಿವೇ. ಆದರೆ ಆಗ ಫ್ಯಾನು, ಪಂಪು ಎರಡೂ ಜೋರಾಗುತ್ತವೆ. ಇಳಿಸಿದ್ದು ಯಾವುದು ಎಂದು ಹೇಳುವುದು ಹೇಗೆ? ಹೊರಗಿನ ಫ್ಯಾನು ಬದಲಿಸುವುದು ಗಾಳಿಯೊಂದನ್ನೇ. ಅದಕ್ಕೇ ಅದು ಒಳ್ಳೆಯ ಪ್ರಯೋಗ.

ಗಾಳಿಯ ಕೊರತೆ ಎಂದು ಗೊತ್ತಾದರೆ ಮೊದಲು ಬೆಲ್ಟನ್ನು ನೋಡಬೇಕು. ಎಂಜಿನ್ ಆರಿಸಿ, ಬೆಲ್ಟಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಜೋತು ಬಿದ್ದಿದ್ದರೆ ಅದು ಜಾರುತ್ತದೆ, ಫ್ಯಾನು ತಿರುಗಬೇಕಾದಷ್ಟು ತಿರುಗುವುದಿಲ್ಲ. ಬೆಲ್ಟು ಜಾರಿದರೆ ಬ್ಯಾಟರಿಯ ಕೆಂಪು ದೀಪವೂ ಹೊತ್ತಿಕೊಳ್ಳಬೇಕಲ್ಲ ಎಂದು ಜಾಣರು ಕೇಳಬಹುದು. ನಿಜ. ಆದರೆ ಡೈನಮೋ ಇರುವ ಹಳೆಯ ಕಾರುಗಳಲ್ಲಿ ನಿಧಾನಗತಿಯಲ್ಲಿ ಆ ದೀಪ ಮಿನುಗುವುದು ಸಾಮಾನ್ಯ. ಅದೊಂದನ್ನೇ ಸಾಕ್ಷಿಯಾಗಿ ನಂಬುವಂತಿಲ್ಲ. ಫ್ಯಾನಿನ ರೆಕ್ಕೆಗಳು ಬಾಗಿವೆಯೇ, ಹಿಂದಿನ ದುರಸ್ತಿಯಲ್ಲಿ ಯಾರಾದರೂ ಫ್ಯಾನನ್ನು ಹಿಂದುಮುಂದು ಮಾಡಿ ಕೂರಿಸಿದ್ದಾರೆಯೇ, ಅದನ್ನೂ ನೋಡಬೇಕು.

ಆಮೇಲೆ ರೇಡಿಯೇಟರಿನ ಎಸಳುಗಳು. ನಮ್ಮ ಕಡೆ ಇದು ವಿಶೇಷವಾಗಿ ಮುಖ್ಯ. ಸುಗ್ಗಿಯ ಕಾಲದಲ್ಲಿ ಹುರುಳಿ, ರಾಗಿಯನ್ನು ರಸ್ತೆಯ ಮೇಲೇ ಹರಡಿ ವಾಹನಗಳಿಂದ ತುಳಿಸುವುದನ್ನು ನೀವು ದಿನವೂ ಕಂಡಿದ್ದೀರಿ. ಅದು ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ಆದರೆ ಅದರ ಹೊಟ್ಟು ಗಾಳಿಯೊಡನೆ ನುಗ್ಗಿ ಎಸಳುಗಳ ಸಂದಿಯಲ್ಲಿ ಕೂರುತ್ತದೆ. ಜೊತೆಗೆ ಹುಳುಗಳು, ಧೂಳು, ಎಣ್ಣೆಯ ಜಿಡ್ಡು. ಜೋರಾದ ಎದುರುಗಾಳಿ ಉಳಿದ ಸಂದಿಗಳಲ್ಲಿ ಹೇಗೋ ದಾರಿ ಮಾಡಿಕೊಂಡೀತು, ನಿಧಾನವಾಗಿ ತಿರುಗುವ ಫ್ಯಾನಿಗೆ ಅಷ್ಟು ಶಕ್ತಿಯಿಲ್ಲ. ಎಂಜಿನ್ ಓಡುವಾಗ ರೇಡಿಯೇಟರಿನ ಮುಂಭಾಗಕ್ಕೆ ದೊಡ್ಡವರು ಒಂದು ಹಾಳೆ ಹಿಡಿದು ನೋಡಬೇಕು. ಗಾಳಿಯ ಸೆಳೆತ ಚೆನ್ನಾಗಿದ್ದರೆ ಹಾಳೆ ಅಂಟಿಕೊಂಡು ನಿಲ್ಲುತ್ತದೆ, ಇಲ್ಲದಿದ್ದರೆ ಜಾರಿ ಬೀಳುತ್ತದೆ. ತೊಳೆಯುವುದಾದರೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಬೇಕು. ಮುಂದಿನಿಂದ ಬಿಟ್ಟರೆ ಹೊಟ್ಟು ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ. ಟ್ರ್ಯಾಕ್ಟರಿನವರು ಕಣದಲ್ಲಿ ಆಗಾಗ ಮುಂದಿನ ಜಾಲರಿಯನ್ನು ಗುಡಿಸುವುದು ಏಕೆ ಎಂದು ಈಗ ತಿಳಿಯಿತೇ?

ರೇಡಿಯೇಟರಿನ ಒಳಗೂ ಕಟ್ಟಿಕೊಳ್ಳುತ್ತದೆ. ಗಡುಸು ನೀರು ಕಾಯಿಸುವ ಬಚ್ಚಲ ಹಂಡೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಿ. ಬೋರ್‌ವೆಲ್ ನೀರನ್ನೇ ತುಂಬುತ್ತ ಬಂದರೆ ಕೊಳವೆಗಳಲ್ಲೂ ಹಾಗೇ ಆಗುತ್ತದೆ. ಹೂಳು ತುಂಬಿದ ಹುಲ್ಲಹಳ್ಳಿ ನಾಲೆಯನ್ನು ಕಲ್ಪಿಸಿಕೊಳ್ಳಿ. ನೀರು ಕಡಿಮೆ ಬಿಟ್ಟಾಗ ಕೊರತೆ ಅಷ್ಟಾಗಿ ಕಾಣದು, ತುಂಬ ಬಿಟ್ಟಾಗಲೇ ಹಿಡಿಸದೆ ಉಕ್ಕುತ್ತದೆ. ಹಾಗೆಯೇ ಒಳಗೆ ಕಟ್ಟಿದ ರೇಡಿಯೇಟರಿನ ತೊಂದರೆ ಹೆಚ್ಚಾಗಿ ಜೋರಾಗಿ ಓಡುವಾಗ, ಏರು ಹತ್ತುವಾಗ ಕಾಣುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಕುದಿಯುವ ಕಾರಿಗೆ ರೇಡಿಯೇಟರ್ ಅನುಮಾನಿಸಿದರೆ ನಾನು ಒಪ್ಪುತ್ತೇನೆ. ಗೇಟಿನ ಮುಂದೆ ಮಾತ್ರ ಕುದಿಯುವ ಕಾರಿಗೆ ಮೊದಲ ಅನುಮಾನ ಅದರ ಮೇಲೆ ಬೇಡ.

ಬೆಂಕಿ ಹೊತ್ತುವ ಹೊತ್ತು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಸರಿಯಾದ ಕ್ಷಣಕ್ಕೆ ಹಾರಬೇಕು. ತಡವಾದರೆ ಉರಿಯುವುದೂ ತಡವಾಗಿ, ಕೆಲಸಕ್ಕೆ ಬರಬೇಕಾದ ಉಷ್ಣ ಗೋಡೆಗಳಿಗೂ ಹೊಗೆಯ ದಾರಿಗೂ ಹೋಗುತ್ತದೆ. ಹಳೆಯ ಕಾರುಗಳ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟಿನ ಹಿಮ್ಮಡಿ ಸವೆದಂತೆ ಅಂತರ ಕಡಿಮೆಯಾಗಿ ಕಿಡಿ ತಾನಾಗಿಯೇ ತಡವಾಗುತ್ತ ಹೋಗುತ್ತದೆ. ಹೊರಗಿನ ಫ್ಯಾನಿಗೂ ಬಗ್ಗದ ಕಾರಿನಲ್ಲಿ ಮೆಕ್ಯಾನಿಕ್ ಇದನ್ನು ಪರೀಕ್ಷಿಸಬೇಕು.

ಒಂದು ಎಚ್ಚರಿಕೆ. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಯಾರೂ ಕೈ ಹಾಕಬಾರದು, ದೊಡ್ಡವರೂ ಹಾಕಬಾರದು. ನಮ್ಮ ಕಡೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ. ತೆರೆದ ಪಾತ್ರೆಯ ನೀರು 98 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕುದಿಯುತ್ತದೆ. ಚದರ ಅಂಗುಲಕ್ಕೆ 7 ಪೌಂಡ್ ಒತ್ತಡ ತಡೆಯುವ ಮುಚ್ಚಳ ಹಾಕಿದರೆ ಕುದಿಬಿಂದು ಸುಮಾರು 109 ಡಿಗ್ರಿಗೆ ಏರುತ್ತದೆ. ಅಂಥ ನೀರಿನ ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಆರಿಸಿ, ಅದು ಪೂರ್ತಿ ತಣಿಯುವವರೆಗೆ ಕಾಯಬೇಕು.

ಕೊನೆಗೆ ಥರ್ಮೋಸ್ಟಾಟ್. ನೀರು ಸಾಕಷ್ಟು ಬಿಸಿಯಾಗುವವರೆಗೆ ರೇಡಿಯೇಟರಿಗೆ ಹೋಗದಂತೆ ತಡೆಯುವ ಪುಟ್ಟ ಬಾಗಿಲು ಅದು. ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡರೆ ಕಾರು ನಿಂತಾಗ ಮಾತ್ರವಲ್ಲ, ಓಡುವಾಗಲೂ ಕಾಯುತ್ತದೆ. ಆದ್ದರಿಂದ ನಮ್ಮ ಕಾರಿನ ವಿಷಯದಲ್ಲಿ ಅದು ಬಹುಮಟ್ಟಿಗೆ ನಿರಪರಾಧಿ. ಆದರೂ ಅದನ್ನೇ ಮೊದಲು ಕಿತ್ತುಹಾಕುತ್ತಾರೆ. ಆಮೇಲೆ ಎಂಜಿನ್ ಬೇಗ ಬಿಸಿಯೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹಾಗೆ ಕಿತ್ತ ಥರ್ಮೋಸ್ಟಾಟ್ ಯಾವುದಾದರೂ ಗ್ಯಾರೇಜಿನ ಮೂಲೆಯಲ್ಲಿ ಸಿಕ್ಕರೆ ಕೇಳಿ ತನ್ನಿ. ನಿಮ್ಮ ಶಿಕ್ಷಕರ ಜೊತೆ ಕುಳಿತು, ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಡಿ. ಪಕ್ಕದಲ್ಲಿ ಪ್ರಯೋಗಶಾಲೆಯ ಉಷ್ಣತಾಮಾಪಕ ಇರಲಿ. ಅದರ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಮೊದಲೇ ಬರೆದುಕೊಳ್ಳಿ. 82 ಎಂದೋ 88 ಎಂದೋ ಇರಬಹುದು. ನೀರು ಕಾಯುತ್ತ ಹೋದಂತೆ ಯಾವ ಡಿಗ್ರಿಗೆ ಬಾಗಿಲು ತೆರೆಯಿತು, ಆರುವಾಗ ಯಾವ ಡಿಗ್ರಿಗೆ ಮುಚ್ಚಿತು, ಎರಡನ್ನೂ ದಾಖಲಿಸಿ. ಎರಡೂ ಒಂದೇ ಆಗಿರುವುದಿಲ್ಲ. ಏಕೆ ಎಂದು ತರಗತಿಯಲ್ಲಿ ಚರ್ಚಿಸಿ.