ಕಬಾಬ್ ಸ್ಯಾಂಪಲ್ ‘ಫೇಲ್’ ಅಂದ್ರೆ ಏನರ್ಥ? ಲ್ಯಾಬ್ ರಿಪೋರ್ಟ್‌ನ ಮೂರು ಪದ, ಮೂರು ಬೇರೆ ಬೇರೆ ಪರಿಣಾಮ

ಆಹಾರ ಸುರಕ್ಷತಾಧಿಕಾರಿ ಚಿಕನ್ ಅಂಗಡಿಯೊಂದರಿಂದ ಸ್ಯಾಂಪಲ್ ತಗೊಂಡು ಹೋದರು ಅಂದ್ರೆ ಸಾಕು, ಲ್ಯಾಬ್‌ಗಿಂತ ಮೊದಲೇ ವಾಟ್ಸಾಪ್‌ನಲ್ಲಿ ತೀರ್ಪು ಬಂದಿರುತ್ತದೆ. ರಿಪೋರ್ಟ್ ಬಂದ ಮೇಲೂ ಜನ ನೋಡೋದು ಪಾಸಾ, ಫೇಲಾ ಅಂತ ಮಾತ್ರ. ಆದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹಾಗೆ ನೋಡುವುದಿಲ್ಲ. ರಿಪೋರ್ಟ್‌ನಲ್ಲಿ ಮಿಸ್‌ಬ್ರ್ಯಾಂಡೆಡ್, ಸಬ್‌ಸ್ಟ್ಯಾಂಡರ್ಡ್, ಅನ್‌ಸೇಫ್ ಈ ಮೂರರಲ್ಲಿ ಯಾವುದು ಬರೆದಿದೆ ಅನ್ನೋದರ ಮೇಲೆ ಅಂಗಡಿಯವರು ದಂಡ ಕಟ್ಟಿ ಬರ್ತಾರೋ, ಕೋರ್ಟ್ ಮೆಟ್ಟಿಲು ಹತ್ತುತ್ತಾರೋ ತೀರ್ಮಾನವಾಗುತ್ತದೆ.

ಮಸಾಲೆ ಪ್ಯಾಕೆಟ್ ಮೇಲೆ ತಯಾರಿಕೆ ದಿನಾಂಕ ಇಲ್ಲ, ವಿಳಾಸ ಇಲ್ಲ ಅಂದ್ರೆ ಅದು ಮಿಸ್‌ಬ್ರ್ಯಾಂಡೆಡ್. ದಂಡ 3 ಲಕ್ಷದವರೆಗೆ. ಸಬ್‌ಸ್ಟ್ಯಾಂಡರ್ಡ್ ಅಂದ್ರೆ ನಿಗದಿ ಮಾಡಿದ ಗುಣಮಟ್ಟ ಇಲ್ಲ, ಆದರೆ ತಿಂದವರಿಗೆ ಅಪಾಯವೂ ಇಲ್ಲ. ಹಾಲಿನಲ್ಲಿ ಕೊಬ್ಬಿನಂಶ ಕಡಿಮೆ ಇದ್ದ ಹಾಗೆ. ಇದಕ್ಕೆ ದಂಡ 5 ಲಕ್ಷದವರೆಗೂ ಹೋಗಬಹುದು. ಈ ಎರಡೂ ಅಪರ ಜಿಲ್ಲಾಧಿಕಾರಿ ಮುಂದೆ ಇತ್ಯರ್ಥವಾಗುವ ಪ್ರಕರಣಗಳು, ಜೈಲಿನ ಮಾತಿಲ್ಲ.

ಅನ್‌ಸೇಫ್ ಅಂದ್ರೆ ಕಥೆಯೇ ಬೇರೆ. ಇಲ್ಲಿ ಜೈಲು ಶಿಕ್ಷೆ ಇದೆ. ತಿಂದವರು ಸತ್ತರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೂ ಆಗಬಹುದು. ಅಂಗಡಿಯವರು ಎಡವೋದೂ ಇಲ್ಲೇ. ಅನ್‌ಸೇಫ್ ಆಗಲು ವಿಷವೇ ಬೆರೆಸಬೇಕಿಲ್ಲ, ಆ ತಿನಿಸಿಗೆ ಅನುಮತಿ ಇಲ್ಲದ ವಸ್ತು ಸೇರಿಸಿದರೂ ಸಾಕು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ನಿಷೇಧಿಸಿದ್ದು ಇದೇ ಕಾರಣಕ್ಕೆ. ಪರೀಕ್ಷೆಗೆ ಹೋದ 39 ಕಬಾಬ್ ಸ್ಯಾಂಪಲ್‌ಗಳಲ್ಲಿ 8 ಅನ್‌ಸೇಫ್ ಬಂದವು. ಸಿಕ್ಕಿದ್ದು ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್. ಇವೆರಡೂ ಕೆಲವು ಸಿಹಿತಿಂಡಿ, ಐಸ್‌ಕ್ರೀಂಗೆ ಮಿತಿಯೊಳಗೆ ಹಾಕಬಹುದಾದ ಬಣ್ಣಗಳೇ! ‘ಬಾಟಲಿ ಮೇಲೆ ಫುಡ್ ಕಲರ್ ಅಂತ ಬರೆದಿದೆಯಲ್ಲ ಸಾರ್’ ಅನ್ನೋ ವಾದ ನಿಲ್ಲದಿರುವುದು ಅದಕ್ಕೇ. ಸ್ವೀಟ್ ಅಂಗಡಿಯಲ್ಲಿ ನಡೆಯುವ ಬಣ್ಣ ಪಕ್ಕದ ಕಬಾಬ್ ಗಾಡಿಯಲ್ಲಿ ನಡೆಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಕೆಂಪು ಬಣ್ಣಕ್ಕೆ ಬಾಟಲಿ ಯಾಕೆ ಬೇಕೋ!

ಇನ್ನು ಮಟನ್ ಅಂಗಡಿ ಗೋಡೆಯ ಮೇಲಿರೋ 14 ಅಂಕಿಯ ನಂಬರ್. ದಿನಕ್ಕೆ 10 ಕುರಿ-ಮೇಕೆ ಅಥವಾ 50 ಕೋಳಿಯೊಳಗೆ ಕಡಿಯುವವರನ್ನು 2011ರ ನಿಯಮ ಸಣ್ಣ ವ್ಯಾಪಾರಿ ಎಂದು ನೋಂದಣಿಯ ಸಾಲಿಗೆ ಸೇರಿಸಿತು. ಅಂಗಡಿ ಇಲಾಖೆಯ ಲೆಕ್ಕದಲ್ಲಿದೆ ಅಂತಷ್ಟೇ ಆ ನಂಬರ್ ಹೇಳುತ್ತದೆ, ಇವತ್ತು ನೇತುಹಾಕಿರೋ ಮಾಂಸ ಚೆನ್ನಾಗಿದೆ ಅಂತಲ್ಲ. ಅದನ್ನು ಹೇಳಬೇಕಾದವರು ಪಶುವೈದ್ಯರು. ಕಡಿಯುವ ಮುಂಚೆ ಪ್ರಾಣಿಯ ಪರೀಕ್ಷೆ, ಕಡಿದ ಮೇಲೆ ಮಾಂಸದ, ಒಳಗಿನ ಅಂಗಾಂಗಗಳ ಪರೀಕ್ಷೆ. ಕಸಾಯಿಖಾನೆ ಬಿಟ್ಟು ಅಂಗಡಿ ಹಿಂದೆಯೇ ಕಡಿಯುವ ಕಡೆ ಇವೆರಡೂ ನಡೆದಿರುತ್ತವಾ ಅಂತ ಗ್ರಾಹಕರು ಕೇಳುವುದರಲ್ಲಿ ತಪ್ಪೇನಿಲ್ಲ.

ಸ್ಯಾಂಪಲ್ ವಿಷಯಕ್ಕೆ ಬಂದರೆ, ಅದು ಸರ್ವೆ ಸ್ಯಾಂಪಲ್ಲಾ, ಲೀಗಲ್ ಸ್ಯಾಂಪಲ್ಲಾ ಅಂತ ಅಂಗಡಿಯವರು ಅಲ್ಲೇ ಕೇಳಿಕೊಳ್ಳಬೇಕು. ಸರ್ವೆ ಸ್ಯಾಂಪಲ್ ಬರೀ ಪರಿಸ್ಥಿತಿ ತಿಳಿಯಲು. ಕೇಸ್ ಹಾಕೋದು ಲೀಗಲ್ ಸ್ಯಾಂಪಲ್ ಮೇಲೆ. ಲೀಗಲ್ ಆದರೆ ನೋಟಿಸ್ ಕೊಟ್ಟು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗವನ್ನು ಮಾನ್ಯತೆ ಪಡೆದ ಬೇರೆ ಲ್ಯಾಬ್‌ಗೆ ಕಳಿಸಿ ಅಂತ ಅಂಗಡಿಯವರು ಕೇಳಬಹುದು. ಎರಡೂ ರಿಪೋರ್ಟ್ ತಾಳೆಯಾಗದಿದ್ದರೆ ರೆಫರಲ್ ಲ್ಯಾಬ್ ಹೇಳಿದ್ದೇ ಅಂತಿಮ. ಆಹಾರ ವಿಶ್ಲೇಷಕರ ರಿಪೋರ್ಟ್ ಒಪ್ಪಿಗೆ ಇಲ್ಲದಿದ್ದರೆ, ಅದು ಕೈಸೇರಿದ 30 ದಿನದೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಹಾಕಬೇಕು. ಆ ಗಡುವು ಮುಗಿದ ಮೇಲೆ ವಕೀಲರನ್ನು ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಓಡುವವರೇ ಹೆಚ್ಚು.